ಉಪ್ಪಿನಿಂದ ಮಜ್ಜಿಗೆಯವರೆಗೆ

ಕೆಲವರಿಗೆ ಸಿಟ್ಟು ಮೂಗಿನ ತುದಿಯಲ್ಲಿರುತ್ತದೆ. ಅಂಬಲಪಾಡಿಯ ಹಯಗ್ರೀವ ಉಪಾಧ್ಯರಿಗೆ ಅದು ಬಾಳೆಲೆಯ ತುದಿಯಲ್ಲಿತ್ತು. ಎಲೆಯ ತುದಿ ಉಣ್ಣುವವನ ಎಡಕ್ಕೆ ಬರಬೇಕು. ಬಲಕ್ಕೆ ಬಂದಿದೆಯೋ, ಅದು ಯಾರ ಮನೆಯ ಮದುವೆಯೇ ಆಗಿರಲಿ, ಹಾಕಿದವನು ಮದುಮಗನ ಸೋದರಮಾವನೇ ಆಗಿರಲಿ, ಉಪಾಧ್ಯರು ಸಾಲಿನ ಆ ಕೊನೆಯಿಂದಲೇ, "ಎಂತ ಮಾರಾಯ್ರೆ, ಕಣ್ಣು ಮನೆಯಲ್ಲಿಟ್ಟು ಬಂದದ್ದಾ?" ಎಂದು ಕೇಳದೆ ಬಿಟ್ಟವರಲ್ಲ.

ಅವರು ನಲವತ್ತೊಂದು ವರ್ಷ ಬಡಿಸಿದವರು. ಅಡುಗೆಯವರಲ್ಲ, ಪುರೋಹಿತರೂ ಅಲ್ಲ, ಬಡಿಸುವವರು. ಉಡುಪಿಯ ಸುತ್ತಮುತ್ತ ಸಮಾರಾಧನೆ, ಉಪನಯನ, ಮದುವೆ ಯಾವುದಿದ್ದರೂ ಹೆಗಲ ಬೈರಾಸನ್ನು ಸೊಂಟಕ್ಕೆ ಬಿಗಿದು, ಎಡಗೈಯಲ್ಲಿ ಸಾರಿನ ಬಾಲ್ದಿ, ಬಲಗೈಯಲ್ಲಿ ಸೌಟು ಹಿಡಿದು, "ಸಾರು, ಸಾರು, ಸಾರು" ಎಂದು ಅವರು ಹೊರಟರೆ ಐವತ್ತು ಎಲೆಯ ಸಾಲು ಮುಗಿಯುವ ತನಕ ಒಂದು ಹನಿ ನೆಲಕ್ಕೆ ಬೀಳುತ್ತಿರಲಿಲ್ಲ. ಯಾರಿಗೆ ಇನ್ನೊಂದು ಸೌಟು ಬೇಕು, ಯಾರು ಸಂಕೋಚಕ್ಕೆ ಬೇಡವೆನ್ನುತ್ತಿದ್ದಾರೆ ಎಂಬುದು ಉಣ್ಣುವವರ ಬೆರಳು ನೋಡಿದರೇ ಅವರಿಗೆ ತಿಳಿಯುತ್ತಿತ್ತು.

ಅವರ ಮಟ್ಟಿಗೆ ಈ ಲೋಕದಲ್ಲಿ ಇದ್ದದ್ದು ಒಂದೇ ಕಾನೂನು. ಎಲೆಗೆ ಕೂತವನು ಅರಸನಾಗಲಿ ಆಳಾಗಲಿ, ಮಜ್ಜಿಗೆ ಆಗದೆ ಏಳಬಾರದು. ನಡುವೆ ಎದ್ದನೋ, ಅವನ ಊಟ ಅಲ್ಲಿಗೆ ಮುಗಿಯಿತು. ಮತ್ತೆ ಆ ಎಲೆಗೆ ಕೂರುವ ಹಾಗಿಲ್ಲ. ಒಮ್ಮೆ ಅಲೆವೂರಿನ ಒಂದು ಮದುವೆಯಲ್ಲಿ ದೊಡ್ಡ ಅಧಿಕಾರಿಯೊಬ್ಬರು ಫೋನ್ ಬಂತೆಂದು ಎದ್ದು ಹೊರಗೆ ಹೋದರು. ತಿರುಗಿ ಬಂದು ನೋಡಿದರೆ ಎಲೆಯೇ ಇಲ್ಲ. ಉಪಾಧ್ಯರು ಮಡಚಿ ತೆಗೆದಾಗಿತ್ತು. "ನನಗೆ ಹೋಳಿಗೆ ಬಡಿಸಿರಲೇ ಇಲ್ಲವಲ್ಲ!" ಎಂದು ಅಧಿಕಾರಿಗಳು ಗೋಗರೆದರೆ, "ಫೋನ್ ಮಾಡಿದವರ ಹತ್ತಿರ ಕೇಳಿ" ಎಂದು ಮುಂದಿನ ಎಲೆಗೆ ಹೋದರಂತೆ.

ಇನ್ನು ಅವರ ಹೆಂಡತಿ ಪ್ರಭಾವತಿ. ಗಂಡ ಬಡಿಸುತ್ತಿದ್ದ ಮದುವೆಗಳಲ್ಲೇ ಆಕೆ ಒಳಗೆ ತೆಂಗಿನಕಾಯಿ ತುರಿಯುತ್ತ, ಕುಂಬಳಕಾಯಿ ಹೆಚ್ಚುತ್ತ ಇದ್ದವರು. ಒಳಗಿನ ಹೆಂಗಸರು ಕೂರುವುದು ಕಟ್ಟಕಡೆಯ ಪಂಕ್ತಿಗೆ. ಅಷ್ಟರಲ್ಲಿ ಪಲ್ಯ ಮುಗಿದಿರುತ್ತದೆ, ಪಾಯಸದಲ್ಲಿ ಗೋಡಂಬಿ ಇರುವುದಿಲ್ಲ, ಬಡಿಸುವವರು ಕೈತೊಳೆದು ಬೆಂಚಿನ ಮೇಲೆ ಗೊರಕೆ ಹೊಡೆಯುತ್ತಿರುತ್ತಾರೆ. ಬಾಲ್ದಿಗಳನ್ನು ನಡುವೆ ಇಟ್ಟುಕೊಂಡು ತಾವೇ ಬಡಿಸಿಕೊಳ್ಳಬೇಕು. ಎರಡು ತುತ್ತು ಒಳಗೆ ಹೋಗುವಷ್ಟರಲ್ಲಿ, "ಪ್ರಭಕ್ಕಾ, ಆ ದೊಡ್ಡ ಪಾತ್ರೆಯ ಮುಚ್ಚಳ ಎಲ್ಲುಂಟು?" ಎಂದು ಯಾರಾದರೂ ಕೂಗುವರು. ಪ್ರಭಾವತಿ ಏಳುವರು. ಮನೆಯಲ್ಲೂ ಅಷ್ಟೆ. ದೋಸೆ ಕಾವಲಿಯಲ್ಲಿರುವಾಗ ಕೂರುವುದು ಹೇಗೆ? ಉಪಾಧ್ಯರ ಕಾನೂನಿನ ಪ್ರಕಾರ ನೋಡಿದರೆ, ಮದುವೆಯಾದ ಮೂವತ್ತೆಂಟು ವರ್ಷಗಳಲ್ಲಿ ಆಕೆಯ ಒಂದು ಊಟವೂ ಪೂರ್ತಿಯಾದದ್ದಲ್ಲ. ಇಡೀ ಊರಿನ ಎಲೆ ನೋಡಿದ ಉಪಾಧ್ಯರು ಆ ಒಂದು ಎಲೆಯನ್ನು ನೋಡಿರಲಿಲ್ಲ.

ಈ ವರ್ಷ ಪ್ರಭಾವತಿಗೆ ಅರುವತ್ತು ತುಂಬಿತು. ಮಣಿಪಾಲದಲ್ಲಿ ಕೆಲಸ ಮಾಡುವ ಮಗ ಗುರುಪ್ರಸಾದ್, "ಅಮ್ಮ, ನಿನಗೆ ಎಂತ ಬೇಕು ಹೇಳು. ಸೀರೆಯಾ, ಬಳೆಯಾ?" ಎಂದು ಕೇಳಿದ.

ಪ್ರಭಾವತಿ ಹೇಳಿದರು. "ಒಂದು ಊಟ ಮಾಡಬೇಕು."

"ಊಟವಾ?"

"ಹೌದು. ಎಲೆಯ ಮುಂದೆ ಕೂರಬೇಕು. ಯಾರಾದರೂ ಬಡಿಸಬೇಕು. ಉಪ್ಪಿನಿಂದ ಮಜ್ಜಿಗೆಯವರೆಗೆ. ನಾನು ನಡುವೆ ಏಳಬಾರದು, ಅಷ್ಟೆ."

ಸೊಸೆ ವಿಭಾ ನಕ್ಕಳು. ಉಪಾಧ್ಯರು, "ಅದೇನು ದೊಡ್ಡ ಸಂಗತಿ? ಹೋಟೆಲಿಗೆ ಹೋದರಾಯಿತು" ಎಂದರು. "ಹೋಟೆಲಿನಲ್ಲಿ ಎಲ್ಲ ಒಂದೇ ತಟ್ಟೆಯಲ್ಲಿ ತಂದು ಕುಕ್ಕಿ ಹೋಗುತ್ತಾರೆ. ಅದು ಬಡಿಸಿದ್ದಾ?" ಎಂದರು ಪ್ರಭಾವತಿ. ಅದು ಉಪಾಧ್ಯರದೇ ಮಾತು.

ಆಗ ಒಂಬತ್ತು ವರ್ಷದ ಮೊಮ್ಮಗಳು ಮಾನ್ಯಾ ಫೋನ್ ಹಿಡಿದುಕೊಂಡು ಓಡಿ ಬಂದಳು. ಕಾಪುವಿನ ಕಡಲ ಹತ್ತಿರ ಹೊಸದಾಗಿ ಒಂದು ರೆಸಾರ್ಟ್ ಆಗಿದೆ. ಅಲ್ಲಿ 'ವೀರಸೂರ್ಯ ಮಹಾರಾಜರ ಭೋಜನಶಾಲೆ' ಅಂತ ಒಂದು ಪ್ರದರ್ಶನ. ಐನೂರು ವರ್ಷ ಹಿಂದಿನ ಅರಮನೆ, ಕತ್ತಿಕಾಳಗ, ಕುದುರೆ, ಬಾಳೆಲೆಯಲ್ಲಿ ಇಪ್ಪತ್ತೊಂದು ಬಗೆಯ ಊಟ, ಸೇವಕರೇ ಬಡಿಸುವುದು. ಶನಿವಾರ ಶುದ್ಧ ಸಸ್ಯಾಹಾರ.

"ಯಾವ ವೀರಸೂರ್ಯ? ಕಾಪುವಿನಲ್ಲಿ ಅಂಥ ಅರಸ ಯಾವಾಗ ಇದ್ದದ್ದು?" ಎಂದು ಉಪಾಧ್ಯರು ಕೇಳಿದರು.

"ಇಲ್ಲಿ ಹಾಕಿದ್ದಾರಲ್ಲ ಅಜ್ಜ, ಫೋಟೋ ಕೂಡ ಉಂಟು."

ಉಪಾಧ್ಯರು ರೆಸಾರ್ಟಿಗೆ ಫೋನ್ ಮಾಡಿ ಅಡುಗೆ ಯಾರದ್ದು, ನೀರು ಎಲ್ಲಿಯದು, ಸಾರಿಗೆ ಬೆಳ್ಳುಳ್ಳಿ ಹಾಕುತ್ತಾರಾ ಎಂದು ಕಾಲು ಗಂಟೆ ವಿಚಾರಣೆ ನಡೆಸಿದರು. ಅಡುಗೆಯವರು ಕಾರ್ಕಳದ ಕಡೆಯ ಪರಿಚಯದ ಭಟ್ಟರೇ ಎಂದು ತಿಳಿದ ಮೇಲೆ ಒಪ್ಪಿದರು.

ಶನಿವಾರ ಸಂಜೆ ಐದು ಮಂದಿ ಕಾರಿನಲ್ಲಿ ಹೊರಟರು. ಪ್ರಭಾವತಿ ಮಧ್ಯಾಹ್ನ ಬರೇ ಗಂಜಿ ಕುಡಿದು ಹೊಟ್ಟೆ ಖಾಲಿ ಇಟ್ಟುಕೊಂಡಿದ್ದರು. ದಾರಿಯುದ್ದಕ್ಕೂ ಪರೀಕ್ಷೆಗೆ ಹೊರಟವರ ಹಾಗೆ ಕಿಟಕಿಯ ಹೊರಗೆ ನೋಡುತ್ತಿದ್ದರು.

ರೆಸಾರ್ಟಿನ ಬಾಗಿಲಿನಲ್ಲೇ ಉಪಾಧ್ಯರ ಪಿತ್ತ ಕೆರಳಲು ಶುರುವಾಯಿತು. ಪ್ಲೈವುಡ್ಡಿನ ಕೋಟೆ. ತಲೆಗೆ ಶಿರಸ್ತ್ರಾಣ ಹಾಕಿದ ಕಾವಲುಗಾರ ಭರ್ಜಿಯನ್ನು ಕಂಕುಳಲ್ಲಿ ಇರುಕಿಸಿಕೊಂಡು ಫೋನಿನಲ್ಲಿ ಟಿಕೆಟ್ ಸ್ಕ್ಯಾನ್ ಮಾಡುತ್ತಿದ್ದ. ಒಳಗೆ ಹೋದವರ ತಲೆಗೆಲ್ಲ ಒಂದೊಂದು ಕಾಗದದ ಕಿರೀಟ. "ನನಗೆ ಬೇಡ" ಎಂದರು ಉಪಾಧ್ಯರು. "ಹಾಕಲೇಬೇಕು ಸರ್, ನೀವು ಕೆಂಪು ಪಾಳೆಯದವರು" ಎಂದಿತು ಶಿರಸ್ತ್ರಾಣ. ಮಾನ್ಯಾಳ ಮುಖ ನೋಡಿ ಅವರು ಕಿರೀಟ ಹಾಕಿಕೊಂಡರು. ಅದು ಅವರ ಜುಟ್ಟಿಗೆ ಸಿಕ್ಕಿಕೊಂಡಿತು.

ನಡುವೆ ಮರಳು ಹಾಸಿದ ಅಂಗಳ, ಅದರ ಎರಡೂ ಬದಿಗೆ ಉದ್ದುದ್ದ ಹಲಗೆ ಮೇಜು, ಬೆಂಚು. ಮೂಲೆಯಲ್ಲಿ ಬಿದಿರಿನ ಒಂದು ಪಂಜರ, ಅದರ ಮೇಲೆ 'ಸೆರೆಮನೆ' ಎಂಬ ಬೋರ್ಡು. ಐವರೂ ಸಾಲಾಗಿ ಕೂತರು. ಪ್ರಭಾವತಿ ಸೆರಗು ಸರಿಮಾಡಿಕೊಂಡು, ಎರಡೂ ಕೈ ಮಡಿಲಲ್ಲಿಟ್ಟು ನೆಟ್ಟಗೆ ಕೂತರು.

ಮೈಕಿನಲ್ಲಿ ಒಬ್ಬ ಕೂಗಿದ. "ಪ್ರಜೆಗಳೇ! ನೀವೀಗ ಐನೂರು ವರ್ಷ ಹಿಂದೆ ಬಂದಿದ್ದೀರಿ! ಇಲ್ಲಿ ಚಮಚ ಇಲ್ಲ! ಕೈಯಲ್ಲೇ ಊಟ!"

ಹಲವರು ಚಪ್ಪಾಳೆ ತಟ್ಟಿದರು. ಉಪಾಧ್ಯರು ಮಗನ ಕಡೆ ತಿರುಗಿದರು. "ಐನೂರು ವರ್ಷ ಹಿಂದೆಯಾ? ಮಧ್ಯಾಹ್ನ ನಾನು ಉಂಡದ್ದು ಎಂತದರಲ್ಲಿ ಹಾಗಾದರೆ, ಕಾಲಿನಲ್ಲಿಯಾ?"

"ಅಪ್ಪ, ಸ್ವಲ್ಪ ಸುಮ್ಮನಿರಿ."

"ಇನ್ನೊಂದು ನಿಯಮ!" ಎಂದಿತು ಮೈಕು. "ಕಹಳೆ ಊದಿದಾಗ ಮಹಾರಾಜರು ಬರುತ್ತಾರೆ. ಎಲ್ಲರೂ ಎದ್ದು ನಿಲ್ಲಬೇಕು. ಏಳದವರಿಗೆ ಸೆರೆಮನೆ!"

ಊಟ ಮುಗಿದ ಮೇಲೆ ಬರುತ್ತಾನಾಗಿರಬೇಕು ಎಂದುಕೊಂಡರು ಉಪಾಧ್ಯರು. ಉಣ್ಣುವವರ ನಡುವೆ ಬರುವ ಅರಸ ಯಾವ ಊರಿನಲ್ಲಿದ್ದಾನೆ?

ಎಲೆ ಬಂತು. ತುದಿ ಬಲಕ್ಕೆ. ಉಪಾಧ್ಯರು ತಮ್ಮದನ್ನು ತಿರುಗಿಸಿದರು, ಹೆಂಡತಿಯದನ್ನು ತಿರುಗಿಸಿದರು, ಮತ್ತೆ ತಡೆಯಲಾಗದೆ ಪಕ್ಕದಲ್ಲಿದ್ದ ಗುರುತು ಪರಿಚಯವಿಲ್ಲದ ನಾಲ್ಕು ಮಂದಿಯದನ್ನೂ ತಿರುಗಿಸಿದರು. ಆಮೇಲೆ ಸೈನಿಕರ ಹಾಗೆ ಬೂಟು ಹಾಕಿದ ಸೇವಕನೊಬ್ಬ ಟಕ್ ಟಕ್ ಎಂದು ಬಂದು ಮೊದಲು ಬಡಿಸಿದ್ದು ಪಾಯಸ.

"ಪಾಯಸವಾ! ಉಪ್ಪು ಎಲ್ಲುಂಟು?"

"ಉಪ್ಪು ಹಾಕಿಯೇ ಅಡುಗೆ ಮಾಡಿದ್ದಾರೆ ಸರ್."

ಊಟ ಇನ್ನೂ ಶುರುವಾಗದಿದ್ದುದರಿಂದ ಉಪಾಧ್ಯರು ಗುರುಪ್ರಸಾದನನ್ನು ಅಡುಗೆಮನೆಗೆ ಓಡಿಸಿ ಉಪ್ಪು, ಉಪ್ಪಿನಕಾಯಿ ತರಿಸಿದರು. ಪ್ರಭಾವತಿ ಅಲ್ಲಿಯವರೆಗೆ ಪಾಯಸವನ್ನು ಮುಟ್ಟಿರಲಿಲ್ಲ. ಎಲೆಯ ಮೂಲೆಗೆ ಉಪ್ಪು ಬಿದ್ದಾಗ ಅವರ ಮುಖದಲ್ಲಿ ಸಣ್ಣದೊಂದು ನಗು ಮೂಡಿತು. ಕೋಸಂಬರಿ ಬಂತು, ಪಲ್ಯ ಬಂತು, ಅನ್ನ, ತೊವ್ವೆ, ತುಪ್ಪ ಬಂದವು. ಉಪಾಧ್ಯರು ಎಲೆಯ ಸುತ್ತ ನೀರು ಬಿಟ್ಟು ಕೈಮುಗಿದು, ತೊವ್ವೆ ಕಲಸಿ ಮೊದಲ ತುತ್ತು ಬಾಯಿಗಿಟ್ಟರು.

ಕಹಳೆ ಮೊಳಗಿತು.

ಬಡಿಸುವಾಗ ಮದುವೆಮನೆಯ ಯಜಮಾನ ಬಂದರೆ ನೆಟ್ಟಗೆ ನಿಲ್ಲುವುದು ನಲವತ್ತೊಂದು ವರ್ಷದ ರೂಢಿ. ಕಹಳೆ ಕೇಳಿತು, ಕಾಲು ಎದ್ದಿತು. ಬುದ್ಧಿ ಎದ್ದದ್ದು ಆಮೇಲೆ. ಕೈತುಂಬ ತೊವ್ವೆ ಅನ್ನ, ತಲೆಯಲ್ಲಿ ಕಾಗದದ ಕಿರೀಟ, ಉಪಾಧ್ಯರು ಎಲ್ಲರಿಗಿಂತ ಮೊದಲು ಎದ್ದು ನಿಂತಿದ್ದರು.

"ನನ್ನ ಊಟ ಹೋಯಿತು!" ಎಂದು ಅವರು ಕೂಗಿದ್ದು, "ಮಹಾರಾಜರಿಗೆ ಜಯವಾಗಲಿ" ಎಂಬ ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ.

ಮಹಾರಾಜರು ಒಂದು ಸುತ್ತು ಬಂದು, ಕತ್ತಿ ಆಡಿಸಿ ಒಳಗೆ ಹೋದರು. ಎಲ್ಲರೂ ಮತ್ತೆ ಕೂತು ಉಣ್ಣತೊಡಗಿದರು. "ಕೂತ್ಕೊಳ್ಳಿ ಅಪ್ಪ, ಇಲ್ಲಿ ಯಾರು ನೋಡುತ್ತಾರೆ?" ಎಂದ ಗುರುಪ್ರಸಾದ್.

"ಯಾರು ನೋಡಬೇಕು? ನಾನು ನೋಡುತ್ತೇನಲ್ಲ!" ಅವರು ಹೋಗಿ ಕೈತೊಳೆದು ಬಂದು, ಖಾಲಿ ಹೊಟ್ಟೆಯಲ್ಲಿ ಗೋಡೆಗೊರಗಿ ನಿಂತರು. ಆಗಲೇ ಅವರು ಕಂಡದ್ದು. ಪ್ರಭಾವತಿ ಎದ್ದಿರಲೇ ಇಲ್ಲ. ಅಷ್ಟು ಗದ್ದಲದಲ್ಲೂ ತಲೆ ತಗ್ಗಿಸಿ, ಎಡಗೈಯಲ್ಲಿ ಬೆಂಚನ್ನು ಬಿಗಿಯಾಗಿ ಹಿಡಿದು ಕೂತೇ ಇದ್ದರು.

ಆಕೆಯ ತೊವ್ವೆ ಅನ್ನ ಮುಗಿಯಿತು. ಎರಡನೆಯ ಅನ್ನ ಬಂತು. ಅದಕ್ಕೆ ಸಾರು ಬರಬೇಕು. ಗುಂಡಿ ಮಾಡಿ ಕಾದು ಕೂತರು.

ಸಾರಿನವನು ಮೂರು ಎಲೆ ದೂರಕ್ಕೆ ಬಂದಿದ್ದ. ಅಷ್ಟರಲ್ಲಿ ನಗಾರಿ ಮೊಳಗಿತು. ಅವನು ಬಾಲ್ದಿಯನ್ನು ನೆಲಕ್ಕಿಟ್ಟು, ಗೋಡೆಗೆ ತೂಗುಹಾಕಿದ್ದ ಕತ್ತಿ ತೆಗೆದುಕೊಂಡು ಅಂಗಳಕ್ಕೆ ಹಾರಿದ. ಹುಳಿಯವನು ಕುದುರೆ ಹತ್ತಿದ. ಹೋಳಿಗೆಯವನು ಗುರಾಣಿ ಹಿಡಿದ. ನೋಡುನೋಡುತ್ತ ಬಡಿಸುವವರೆಲ್ಲ ಸೈನಿಕರಾಗಿ ಒಬ್ಬರನ್ನೊಬ್ಬರು ಕಡಿಯತೊಡಗಿದರು. ರೆಸಾರ್ಟಿನವರು ಎರಡು ಕೆಲಸಕ್ಕೆ ಒಂದೇ ಜನ ಇಟ್ಟುಕೊಂಡಿದ್ದರು.

"ಇದೆಂಥ ಅವಸ್ಥೆ!" ಉಪಾಧ್ಯರು ಹಣೆ ಬಡಿದುಕೊಂಡರು. "ಅರ್ಧ ಪಂಕ್ತಿಗೆ ಸಾರು ಬಂದಿದೆ, ಅರ್ಧಕ್ಕೆ ಇಲ್ಲ. ಇವನಿಗೆ ಯುದ್ಧವಂತೆ!"

ಉಳಿದವರಿಗೆ ಅದೇನೂ ದೊಡ್ಡದಾಗಲಿಲ್ಲ. ಮಾನ್ಯಾ ಬೆಂಚಿನ ಮೇಲೆ ನಿಂತು "ಕೆಂಪು! ಕೆಂಪು!" ಎಂದು ಕುಣಿಯುತ್ತಿದ್ದಳು. ವಿಭಾ ವಿಡಿಯೋ ಮಾಡುತ್ತಿದ್ದಳು. ಪ್ರಭಾವತಿಯ ಬೆರಳಲ್ಲಿ ಅನ್ನ ಒಣಗತೊಡಗಿತ್ತು.

ಆಗ ಎರಡನೆಯ ಸಲ ಕಹಳೆ ಮೊಳಗಿತು. ಮಹಾರಾಜರು ಈ ಸಲ ಸಾಲಿನ ಉದ್ದಕ್ಕೂ ನಡೆದು ಬಂದರು. ಎಲ್ಲರೂ ಎದ್ದರು. ಮೇಲಿನ ದೀಪದ ಬೆಳಕು ಅರಸನ ಜತೆಗೆ ಬರುತ್ತಾ ಬರುತ್ತಾ, ಎದ್ದು ನಿಂತವರ ನಡುವೆ ಹಲ್ಲು ಬಿದ್ದ ಸಂದಿಯಂತೆ ಕಾಣುತ್ತಿದ್ದ ಪ್ರಭಾವತಿಯ ಮೇಲೆ ನಿಂತಿತು.

"ಯಾರಿದು?" ಅರಸ ಗುಡುಗಿದ. "ವೀರಸೂರ್ಯನೆದುರು ಕುಳಿತೇ ಇರುವ ಧೈರ್ಯ ಯಾರಿಗೆ?"

ಅವನ ಕೈಯಲ್ಲಿದ್ದ ಮೈಕು ಪ್ರಭಾವತಿಯ ಬಾಯಿಯ ಹತ್ತಿರ ಬಂತು. ಅವರು ಸಣ್ಣ ಸ್ವರದಲ್ಲಿ ಹೇಳಿದರು. "ಊಟಕ್ಕೆ ಕೂತಿದ್ದೇನೆ ಮಗಾ. ಮಜ್ಜಿಗೆ ಆಗಲಿ, ಏಳುತ್ತೇನೆ."

ಇಡೀ ಅಂಗಳ ಘೊಳ್ಳೆಂದು ನಕ್ಕಿತು. "ಸೆರೆಮನೆ! ಸೆರೆಮನೆ!" ಎಂದು ಆಚೆ ಪಾಳೆಯದವರು ಮೇಜು ಕುಟ್ಟಿದರು.

"ಅಮ್ಮ, ತಮಾಷೆಗೆ ಮಾಡುವುದು. ಎರಡು ನಿಮಿಷ ಎದ್ದು ಆ ಪಂಜರದಲ್ಲಿ ನಿಂತು ಬಾ" ಎಂದ ಗುರುಪ್ರಸಾದ್. "ಹೌದು ಅತ್ತೆ, ಒಂದು ಫೋಟೋ ಆಗುತ್ತದೆ, ಅಷ್ಟೆ" ಎಂದಳು ವಿಭಾ. "ಅಜ್ಜೀ, ಎಲ್ಲರೂ ನೋಡುತ್ತಿದ್ದಾರೆ, ಏಳಿ!" ಎಂದಳು ಮಾನ್ಯಾ.

ಪ್ರಭಾವತಿ ತಲೆ ಎತ್ತಿ ಒಬ್ಬೊಬ್ಬರ ಮುಖವನ್ನೂ ನೋಡಿದರು. ಮುಚ್ಚಳ ಎಲ್ಲುಂಟು ಎಂದು ಕೂಗಿದಾಗ ಏಳುವ ಮೊದಲು ನೋಡುತ್ತಿದ್ದ ನೋಟವೇ ಅದು. ಬೆಂಚು ಹಿಡಿದಿದ್ದ ಅವರ ಎಡಗೈ ಸಡಿಲವಾಯಿತು.

"ಏಳಬೇಡ!"

ಗೋಡೆಯ ಬದಿಯಿಂದ ಉಪಾಧ್ಯರು ಬಂದರು. ಕಿರೀಟ ಓರೆಯಾಗಿತ್ತು, ಮೊಣಕಾಲು ನೋವಿಗೆ ನಡಿಗೆ ಕುಂಟುತ್ತಿತ್ತು, ಸ್ವರ ಮಾತ್ರ ಮದುವೆ ಹಾಲಿನ ಆ ತುದಿಗೂ ಮುಟ್ಟುವ ಹಳೆಯ ಸ್ವರ. "ಪ್ರಭಾ, ನೀನು ಏಳಬೇಡ. ಏನಯ್ಯಾ, ಪಂಕ್ತಿಯಲ್ಲಿ ಕೂತವರನ್ನು ಎಬ್ಬಿಸುವ ನೀನು ಎಂಥ ಅರಸ ಮಾರಾಯ? ನಿನ್ನ ಅರಮನೆಯಲ್ಲಿ ಅರ್ಧ ಸಾಲಿಗೆ ಸಾರು ಬರಲಿಲ್ಲ, ನಿನಗೆ ಗೊತ್ತುಂಟಾ?"

ಅರಸ ತಬ್ಬಿಬ್ಬಾದ. ಮೈಕನ್ನು ಕೈಯಲ್ಲಿ ಮುಚ್ಚಿ ತಗ್ಗಿದ ಸ್ವರದಲ್ಲಿ, "ಭಟ್ರೇ, ನಾನು ಶಿರ್ವದ ಕ್ಲಾಯ್ಡ್. ಶಾಲೆಯಲ್ಲಿ ಪಿ.ಟಿ. ಮಾಸ್ಟ್ರು. ಶನಿವಾರ ಮಾತ್ರ ಅರಸ. ಏಳದವರನ್ನು ಪಂಜರಕ್ಕೆ ಹಾಕಬೇಕು ಅಂತ ಮ್ಯಾನೇಜರ್ ಬರೆದುಕೊಟ್ಟಿದ್ದಾರೆ, ನಾನೆಂತ ಮಾಡಲಿ?" ಎಂದ.

"ಸಾರಿನವ ಎಲ್ಲಿ?"

ಕ್ಲಾಯ್ಡ್ ಅಂಗಳದ ಕಡೆ ಕೈ ತೋರಿಸಿದ. ಸಾರಿನವನು ಮರಳಿನಲ್ಲಿ ಅಂಗಾತ ಬಿದ್ದಿದ್ದ. "ಅವ ಸತ್ತಿದ್ದಾನೆ ಭಟ್ರೇ. ಕಾಳಗದ ಕೊನೆಯ ಪದ್ಯ ಮುಗಿಯುವ ತನಕ ಏಳುವ ಹಾಗಿಲ್ಲ."

"ಹುಳಿಯವ?"

"ಕೊಂದದ್ದು ಅವನೇ. ಈಗ ಕುದುರೆಯಲ್ಲಿ ಮೆರವಣಿಗೆ ಉಂಟು."

ಉಪಾಧ್ಯರು ಆಕಾಶ ನೋಡಿದರು. ಆಮೇಲೆ ಹೆಗಲ ಶಾಲನ್ನು ಸೊಂಟಕ್ಕೆ ಬಿಗಿದರು. ಚಪ್ಪಲಿ ಕಳಚಿ ಗೋಡೆಯ ಬದಿಗೆ ಸರಿಸಿ, ಕೈಕಾಲು ತೊಳೆದು ಬಂದು, ನೆಲದಲ್ಲಿದ್ದ ಸಾರಿನ ಬಾಲ್ದಿಯನ್ನು ಎಡಗೈಯಲ್ಲಿ ಎತ್ತಿದರು. "ಸರ್, ಗೆಸ್ಟುಗಳು ಮುಟ್ಟಬಾರದು" ಎಂದು ಶಿರಸ್ತ್ರಾಣದವನು ಓಡಿ ಬಂದ. "ನಿನ್ನ ಭರ್ಜಿ ಹಿಡಿದುಕೊಂಡು ಆಚೆ ನಿಲ್ಲು" ಎಂದರು ಉಪಾಧ್ಯರು. ಅವನು ನಿಂತ.

ನೇರ ಹೆಂಡತಿಯ ಎಲೆಗೆ ಹೋಗಬಹುದಿತ್ತಲ್ಲ? ಹೋಗಲಿಲ್ಲ. ಪಂಕ್ತಿಯೆಂದರೆ ಪಂಕ್ತಿ. ಸಾರು ನಿಂತಿದ್ದಲ್ಲಿಂದಲೇ ಮುಂದುವರಿಯಬೇಕು. "ಸಾರು, ಸಾರು, ಸಾರು" ಎಂದು ಮೂರು ಎಲೆ ಹಿಂದಿನಿಂದ ಶುರುಮಾಡಿದರು. ಎದ್ದು ನಿಂತಿದ್ದವರು ಒಬ್ಬೊಬ್ಬರಾಗಿ ಕೂತರು. ನಾಲ್ಕನೆಯದು ಪ್ರಭಾವತಿಯ ಎಲೆ. ಮೂವತ್ತೆಂಟು ವರ್ಷದಲ್ಲಿ ಆ ಎಲೆಯ ಮುಂದೆ ಉಪಾಧ್ಯರು ಸೌಟು ಹಿಡಿದು ಬಗ್ಗಿದ್ದು ಅದೇ ಮೊದಲು.

ಸಾರು ಅನ್ನದ ಗುಂಡಿಗೆ ಬಿತ್ತು.

"ಇನ್ನು ಸ್ವಲ್ಪ" ಎಂದರು ಪ್ರಭಾವತಿ. "ಅಡಿಯಿಂದ ತೆಗೆಯಿರಿ. ಮೇಲಿನದು ಬರೀ ನೀರು."

"ಬಡಿಸುವವನಿಗೆ ಹೇಳಿಕೊಡುತ್ತಿದ್ದಾಳೆ ನೋಡು!" ಎಂದು ಗೊಣಗುತ್ತಲೇ ಉಪಾಧ್ಯರು ಅಡಿಯಿಂದ ಕದಡಿ ತೆಗೆದು ಹಾಕಿದರು.

ಸಾರಾದ ಮೇಲೆ ಹುಳಿ. ಹುಳಿಯಾದ ಮೇಲೆ ಹೋಳಿಗೆ, ಅದಕ್ಕೆ ತುಪ್ಪ. ಕೆಂಪು ಪಾಳೆಯಕ್ಕೆಲ್ಲ ಉಪಾಧ್ಯರೊಬ್ಬರೇ. ನೀಲಿ ಪಾಳೆಯದವರು, "ನಮಗೂ ಹೋಳಿಗೆ ಬರಲಿಲ್ಲ" ಎಂದು ಕೂಗತೊಡಗಿದಾಗ ಕ್ಲಾಯ್ಡ್ ಕಿರೀಟ ತೆಗೆದಿಟ್ಟು ತಾನೊಂದು ಬಾಲ್ದಿ ಎತ್ತಿಕೊಂಡ. "ಬೂಟು ಬಿಚ್ಚು!" ಎಂದು ಈಚೆಯಿಂದ ಆಜ್ಞೆ ಹೋಯಿತು. ಅರಸ ಬೂಟು ಬಿಚ್ಚಿದ. ಮರಳಿನಲ್ಲಿ ಸತ್ತು ಬಿದ್ದಿದ್ದ ಸಾರಿನವನು ಒಂದು ಕಣ್ಣು ತೆರೆದು ಇದನ್ನೆಲ್ಲ ನೋಡುತ್ತಿದ್ದ.

ಮೂರನೆಯ ಕಹಳೆ ಮೊಳಗಿತು. ಬರಬೇಕಾದ ಅರಸ ಹೋಳಿಗೆ ಬಡಿಸುತ್ತಿದ್ದುದರಿಂದ ಯಾರೂ ಏಳಲಿಲ್ಲ.

ಕೊನೆಗೆ ಮಜ್ಜಿಗೆ. ಪ್ರಭಾವತಿ ಅಂಗೈಯನ್ನು ಕುಳಿ ಮಾಡಿ ಹಿಡಿದು ಕುಡಿದರು, ಎಲೆಯಲ್ಲಿದ್ದ ಕೊನೆಯ ಅಗುಳನ್ನೂ ಬಳಿದು ಬಾಯಿಗಿಟ್ಟರು. ಸುತ್ತ ಇದ್ದವರು ಯಾವಾಗಲೋ ಎದ್ದು ಕುದುರೆಯ ಜತೆ ಫೋಟೋ ತೆಗೆಸಿಕೊಳ್ಳಲು ಹೋಗಿದ್ದರು. ಪ್ರಭಾವತಿಗೆ ಅವಸರವಿರಲಿಲ್ಲ. ಇನ್ನೂ ಸ್ವಲ್ಪ ಹೊತ್ತು, ಏನೂ ಮಾಡದೆ, ಖಾಲಿ ಎಲೆಯ ಮುಂದೆ ಕೂತರು. ಆಮೇಲೆ ತಾವಾಗಿಯೇ ಎದ್ದರು.

ಹಿಂದೆ ಬರುವಾಗ ಕಾರಿನಲ್ಲಿ ಮಾನ್ಯಾ ನಿದ್ದೆಹೋದಳು. ಉಪಾಧ್ಯರು ಮೊಣಕಾಲು ತಿಕ್ಕಿಕೊಳ್ಳುತ್ತ, ಬೈಯಬೇಕಾದದ್ದನ್ನೆಲ್ಲ ಒಂದೊಂದಾಗಿ ಬೈಯುತ್ತಿದ್ದರು. ಬೂಟು, ಕಹಳೆ, ಪಾಯಸ. ಕಟಪಾಡಿ ಬರುವಷ್ಟರಲ್ಲಿ ಬೈಯಲು ಬೇರೆ ಏನೂ ಉಳಿಯಲಿಲ್ಲ. ಹೊಟ್ಟೆ ಗುರ್ ಎಂದಿತು. ಅವರು ಹೆಂಡತಿಯ ಕಡೆ ತಿರುಗಿದರು.

"ಮತ್ತೆ? ಆಯಿತಲ್ಲ ನಿನ್ನ ಊಟ?"

"ಆಯಿತು."

"ಹೇಗಿತ್ತು?"

ಪ್ರಭಾವತಿ ಯೋಚಿಸಿದರು. "ಎಲ್ಲ ಸರಿಯಿತ್ತು. ಹುಳಿ ಆದ ಮೇಲೆ ನೀವು ಅನ್ನ ಬೇಕಾ ಅಂತ ಕೇಳಲಿಲ್ಲ."

ನಲವತ್ತೊಂದು ವರ್ಷದಲ್ಲಿ ಈ ಮಾತನ್ನು ಯಾರೂ ಉಪಾಧ್ಯರಿಗೆ ಹೇಳಿದ್ದಿಲ್ಲ. ಗುರುಪ್ರಸಾದ್ ನಗು ತಡೆಯಲು ಕಿಟಕಿಯ ಕಡೆ ಮುಖ ತಿರುಗಿಸಿದ.

"ಕೇಳಲಿಲ್ಲವಾ? ನಾನಾ?"

"ಕೇಳಲಿಲ್ಲ. ನನಗೆ ಇನ್ನೊಂದು ಹಿಡಿ ಬೇಕಿತ್ತು."

"ಬೆರಳು ಮಡಚಿ ಕೂತಿದ್ದೆಯಲ್ಲ! ಬೇಡ ಅಂತಲೇ ಅಲ್ವಾ ಅದರ ಅರ್ಥ?"

"ಬೇರೆಯವರದ್ದು ಗೊತ್ತಾಗುತ್ತದೆ ನಿಮಗೆ. ನನ್ನ ಬೆರಳು ನೀವು ಯಾವಾಗ ನೋಡಿದ್ದು?"

ಉಪಾಧ್ಯರು ತಲೆಗೆ ಕೈ ಹಾಕಿದಾಗ ಕಿರೀಟ ಇನ್ನೂ ಅಲ್ಲೇ ಇತ್ತು. ಜುಟ್ಟಿನ ನಾಲ್ಕು ಕೂದಲಿನ ಸಮೇತ ಅದನ್ನು ಕಿತ್ತು ಕಾಲಬುಡಕ್ಕೆ ಎಸೆದರು.

"ನಾಳೆ ಮಧ್ಯಾಹ್ನ ಕೂತ್ಕೋ. ಮನೆಯಲ್ಲೇ. ಮೂರು ಸಲ ಅನ್ನ ಕೇಳುತ್ತೇನೆ, ನೋಡುವ."

"ಕೂರುವ" ಎಂದರು ಪ್ರಭಾವತಿ, ತುಂಬ ಶಾಂತವಾಗಿ. "ಅಡುಗೆ ಮಾಡಿಟ್ಟು ಕೂರಬೇಕಾ, ಮಾಡದೆ ಕೂರಬೇಕಾ?"

ಉದ್ಯಾವರದ ಸೇತುವೆ ದಾಟಿ ಅಂಬಲಪಾಡಿಗೆ ಬಂದು ಮನೆಯ ಬಾಗಿಲ ಬೀಗ ತೆಗೆಯುವವರೆಗೂ ಉಪಾಧ್ಯರು ಅದಕ್ಕೆ ಉತ್ತರ ಹುಡುಕುತ್ತಿದ್ದರು. ಕೊನೆಗೆ ಚಪ್ಪಲಿ ಕಳಚುತ್ತ, ಯಾರ ಮುಖವನ್ನೂ ನೋಡದೆ ಕೇಳಿದರು.

"ತೊವ್ವೆಗೆ ನೀರು ಎಷ್ಟು ಇಡುವುದು?"